ಮನೆಯ ದಿನಚರಿಯಲ್ಲಿ ವಿಶ್ವಾಸವನ್ನು ಬೆಳೆಸುವುದು ಹೇಗೆ? ಕಥೋಲಿಕ ತಂದೆತಾಯಿಗಳಿಗೆ ಒಂದು ಕೈಪಿಡಿ

ದೀಕ್ಷಾಸ್ನಾನದ ದಿನ ಗುರುಗಳು ಮಗುವಿನ ತಲೆಯ ಮೇಲೆ ನೀರೆರೆಯುವುದಕ್ಕೆ ಮೊದಲು ತಂದೆತಾಯಿಗಳನ್ನು ಕೇಳುವ ಪ್ರಶ್ನೆಯೊಂದಿದೆ. ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆ ನಿಮ್ಮದು, ಅದನ್ನು ಅರಿತೇ ಬಂದಿದ್ದೀರಾ ಎಂಬುದು ಆ ಪ್ರಶ್ನೆಯ ಸಾರ. ಪಾಸ್ಖದ (ಈಸ್ಟರ್ ಹಬ್ಬದ) ಮೇಣದಬತ್ತಿಯಿಂದ ಹೊತ್ತಿಸಿಕೊಂಡ ಚಿಕ್ಕ ಬತ್ತಿಯನ್ನು ಕೊಡುವಾಗಲೂ, ಆ ಬೆಳಕು ಆರದಂತೆ ನೋಡಿಕೊಳ್ಳುವ ಕೆಲಸವನ್ನು ಅವರು ವಹಿಸುವುದು ತಂದೆತಾಯಿಗಳಿಗೆ ಮತ್ತು ಜ್ಞಾನ ತಂದೆತಾಯಿಗಳಿಗೆ. ಧರ್ಮೋಪದೇಶದ ತರಗತಿಗೂ ಅಲ್ಲ, ಕಾನ್ವೆಂಟ್ ಶಾಲೆಗೂ ಅಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯ ಕುರಿತು ಹೊರಡಿಸಿದ ದಸ್ತಾವೇಜಿನಲ್ಲಿ ಕುಟುಂಬವನ್ನೇ ಮನೆಯೊಳಗಿನ ಧರ್ಮಸಭೆ ಎಂದು ಕರೆದು, ಮಕ್ಕಳಿಗೆ ವಿಶ್ವಾಸವನ್ನು ಮೊತ್ತಮೊದಲು ಸಾರುವವರು ಹೆತ್ತವರೇ ಎಂದು ಹೇಳಿರುವುದು ಇದೇ ಅರ್ಥದಲ್ಲಿ. ಭಾನುವಾರಗಳಲ್ಲಿ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳುವ ನನಗೆ ವರ್ಷದಿಂದ ವರ್ಷಕ್ಕೆ ಖಚಿತವಾಗುತ್ತಾ ಬಂದಿರುವುದು ಇಷ್ಟು: ಮಗು ಮನೆಯಲ್ಲಿ ಕಂಡದ್ದನ್ನು ತರಗತಿಯಲ್ಲಿ ವಿವರಿಸಬಹುದು, ಮನೆಯಲ್ಲಿ ಕಾಣದೇ ಇದ್ದುದನ್ನು ವಾರಕ್ಕೊಂದು ಗಂಟೆಯಲ್ಲಿ ತುಂಬಿಕೊಡಲಾಗುವುದಿಲ್ಲ.

ಹಾಗೆಂದು ಮನೆಯನ್ನು ಮಠವನ್ನಾಗಿ ಮಾಡಬೇಕಿಲ್ಲ. ಬೆಂಗಳೂರಿನಂತಹ ನಗರದಲ್ಲಿ ಇಬ್ಬರೂ ದುಡಿಯುವ, ಮಕ್ಕಳು ಟ್ಯೂಷನ್‌ನಿಂದ ಕತ್ತಲಾದ ಮೇಲೆ ಮರಳುವ ಮನೆಗೆ ದೊಡ್ಡ ಸಂಕಲ್ಪಗಳು ಹೊರೆಯಾಗಿ, ಒಂದು ತಿಂಗಳೊಳಗೆ ಬಿದ್ದುಹೋಗುತ್ತವೆ. ಮನೆಯಲ್ಲಿ ಈಗಾಗಲೇ ನಡೆಯುತ್ತಿರುವ ಕೆಲಸಗಳಿಗೆ, ಅಂದರೆ ಏಳುವುದು, ಉಣ್ಣುವುದು, ಹೊರಡುವುದು, ಮಲಗುವುದು ಇವುಗಳಿಗೆ, ಚಿಕ್ಕದೊಂದು ಪ್ರಾರ್ಥನೆಯನ್ನು ಅಂಟಿಸಿ, ದೊಡ್ಡವರು ತಾವೇ ಮೊದಲು ಅದನ್ನು ತಪ್ಪದೆ ಮಾಡುವುದು ಹೆಚ್ಚು ಫಲಕಾರಿ. ಬೈಬಲಿನ ಧರ್ಮೋಪದೇಶ ಕಾಂಡದ ಆರನೇ ಅಧ್ಯಾಯದಲ್ಲಿ ಇಸ್ರಯೇಲರಿಗೆ ಕೊಟ್ಟ ಅಪ್ಪಣೆಯೂ ಹಾಗೆಯೇ ಇದೆ: ದೇವರ ಮಾತನ್ನು ಮನೆಯಲ್ಲಿ ಕುಳಿತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳೊಂದಿಗೆ ಆಡಬೇಕು ಎಂದು. ಅಲ್ಲಿ ಪ್ರತ್ಯೇಕ ಪಾಠದ ಹೊತ್ತಿನ ಪ್ರಸ್ತಾಪವೇ ಇಲ್ಲ.

ಮೊದಲು ಒಂದು ಜಾಗ

ಪ್ರಾರ್ಥನೆಗೆ ಮನೆಯಲ್ಲಿ ಒಂದು ಸ್ಥಿರವಾದ ಜಾಗವಿರಬೇಕು. ಹಳೆಯ ಮನೆಗಳಲ್ಲಿ ಪಡಸಾಲೆಯ ಗೋಡೆಗೆ ದೇವರ ಪೀಠವಿದ್ದು, ಯೇಸುವಿನ ಪವಿತ್ರ ಹೃದಯದ ಪಟ, ಮಾತೆ ಮರಿಯಮ್ಮನ ಸ್ವರೂಪ, ಶಿಲುಬೆ ಎಲ್ಲವೂ ಅಲ್ಲಿರುತ್ತಿದ್ದವು. ಬಾಡಿಗೆಯ ಎರಡು ಕೋಣೆಯ ಮನೆಯಲ್ಲಿಯೂ ಒಂದು ಹಲಗೆಯಷ್ಟು ಜಾಗ ಸಿಕ್ಕೇ ಸಿಗುತ್ತದೆ. ಶಿಲುಬೆ, ಒಂದು ಪಟ, ಬೈಬಲ್, ಮೇಣದಬತ್ತಿ, ಸಣ್ಣ ಸೀಸೆಯಲ್ಲಿ ಚರ್ಚಿನಿಂದ ತಂದ ತೀರ್ಥ, ಇಷ್ಟಿದ್ದರೆ ಸಾಕು. ಟಿವಿಯ ಮೇಲಾಗಲಿ ಪಕ್ಕದಲ್ಲಾಗಲಿ ಪೀಠವನ್ನು ಇಡಬೇಡಿರಿ, ಏಕೆಂದರೆ ಆ ಗೋಡೆಯ ಕಡೆಗೆ ಮುಖಮಾಡಿ ಕುಳಿತಾಗ ಮನಸ್ಸು ಎಲ್ಲಿಗೆ ಹೋಗುತ್ತದೆ ಎಂಬುದು ನಮಗೆಲ್ಲರಿಗೂ ಗೊತ್ತಿದೆ. ಬೈಬಲ್ಲನ್ನು ಗಾಜಿನ ಕಪಾಟಿನಲ್ಲಿ ಬೀಗ ಹಾಕಿಡದೆ, ಮಗುವಿನ ಕೈಗೆ ಎಟುಕುವಂತೆ, ತೆರೆದೇ ಇಡುವುದು ಒಳ್ಳೆಯದು. ಪುಟ ಮಡಿಸಿದರೂ ಮಡಿಸಲಿ.

ಪೀಠದ ಕೆಲಸವನ್ನು ಮಕ್ಕಳಿಗೆ ವಹಿಸಿರಿ. ಹೂ ಬದಲಿಸುವುದು, ಧೂಳು ಒರೆಸುವುದು, ಬತ್ತಿ ಹೊತ್ತಿಸುವುದನ್ನು ಯಾರಾದರೂ ದೊಡ್ಡವರ ಕಣ್ಣೆದುರಿನಲ್ಲಿ ಅವರೇ ಮಾಡಲಿ. ಗರಿಗಳ ಭಾನುವಾರದಂದು ಮಂತ್ರಿಸಿ ಕೊಟ್ಟ ಗರಿಯನ್ನು ನಾವು ಪಟದ ಹಿಂದೆ ಸಿಕ್ಕಿಸಿಡುತ್ತೇವೆ. ಮರುವರ್ಷ ಬೂದಿ ಬುಧವಾರಕ್ಕೆ ಮುಂಚೆ ಆ ಒಣಗಿದ ಗರಿಗಳನ್ನು ಚರ್ಚಿಗೆ ಹಿಂದಿರುಗಿಸಿದರೆ ಅವನ್ನು ಸುಟ್ಟ ಬೂದಿಯನ್ನೇ ಹಣೆಗೆ ಹಚ್ಚುತ್ತಾರೆ. ಗರಿಯನ್ನು ಕೊಂಡೊಯ್ಯುವ ಕೆಲಸವನ್ನು ಮಗುವಿನ ಕೈಯಲ್ಲಿ ಮಾಡಿಸಿದರೆ, ‘ಹೊಸನ್ನ’ ಎಂದು ಯೇಸುವಿಗೆ ಜಯಕಾರ ಕೂಗುತ್ತಾ ಹಿಡಿದ ಗರಿಯೇ, ‘ಮಣ್ಣಿಗೆ ಮರಳುವೆ’ ಎಂದು ಹೇಳಿ ಹಚ್ಚುವ ಬೂದಿಯಾದದ್ದು ಹೇಗೆಂದು ಅದು ತಾನಾಗಿಯೇ ಕೇಳುತ್ತದೆ. ಉತ್ತರ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ.

ಸಂಜೆಯ ಜಪಸರ

ನಮ್ಮ ನಾಡಿನ ಕಥೋಲಿಕ ಮನೆಗಳನ್ನು ತಲೆಮಾರುಗಳಿಂದ ಹಿಡಿದು ನಿಲ್ಲಿಸಿದ್ದು ಸಂಜೆಯ ಜಪಸರ (ರೋಸರಿ). ಕರಾವಳಿಯ ಕೊಂಕಣಿ ಮನೆಗಳಲ್ಲಿ ಮುಸ್ಸಂಜೆಗೆ ಎಲ್ಲರೂ ಕುಳಿತು ತೆರ್ಸ್, ಅಂದರೆ ಜಪಸರ, ಹೇಳಿ, ಮುಗಿದ ಮೇಲೆ ಚಿಕ್ಕವರು ಹಿರಿಯರೆದುರು ಕೈಮುಗಿದು ಬೆಸಾಂವ್ ಬೇಡುವ ವಾಡಿಕೆ ಇದೆ. ಅಜ್ಜಿ ತಾತಂದಿರಿಂದ ಹಿಡಿದು ಅಣ್ಣಂದಿರವರೆಗೆ ಒಬ್ಬೊಬ್ಬರ ಬಳಿಗೂ ಹೋಗಿ ಆಶೀರ್ವಾದ ಪಡೆಯುವ ಈ ಪದ್ಧತಿಯನ್ನು, ಅದು ಇಲ್ಲದ ಕನ್ನಡ ಮತ್ತು ತಮಿಳು ಮನೆಗಳೂ ಕೈಗೆತ್ತಿಕೊಳ್ಳಬೇಕೆಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ. ಹಗಲಲ್ಲಿ ಬೈಸಿಕೊಂಡ ಮಗುವಿನ ಹಣೆಯ ಮೇಲೆ ರಾತ್ರಿ ಅಪ್ಪ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿದರೆ, ಬೈಗುಳ ಅಲ್ಲಿಗೆ ಮುಗಿಯಿತೆಂದು ಅದಕ್ಕೆ ತಿಳಿಯುತ್ತದೆ.

ಐದು ರಹಸ್ಯಗಳ, ಅಂದರೆ ಯೇಸು ಮತ್ತು ಮರಿಯಮ್ಮನ ಬಾಳಿನ ಐದು ಘಟನೆಗಳ ಧ್ಯಾನದ, ಪೂರ್ತಿ ಜಪಸರಕ್ಕೆ ಸುಮಾರು 20 ನಿಮಿಷ ಬೇಕು. ಇದುವರೆಗೆ ರೂಢಿ ಇಲ್ಲದ ಮನೆಯವರು ಮೊದಲ ದಿನವೇ ಅಷ್ಟಕ್ಕೆ ಕೈಹಾಕಬಾರದು. ಒಂದು ರಹಸ್ಯದಿಂದ, ಅಂದರೆ ಒಂದು ಪರಲೋಕ ಪ್ರಾರ್ಥನೆ, ಹತ್ತು ನಮೋ ಮರಿಯಾ, ಒಂದು ಮಹಿಮಾ ಪ್ರಾರ್ಥನೆಯಿಂದ ಆರಂಭಿಸಿರಿ. ಇದಕ್ಕೆ ನಾಲ್ಕೈದು ನಿಮಿಷ ಹಿಡಿಯುತ್ತದೆ. ಮುಖ್ಯವಾದುದು ಉದ್ದವಲ್ಲ, ಹೊತ್ತು ತಪ್ಪದಿರುವುದು: ರಾತ್ರಿಯ ಊಟಕ್ಕೆ ತಟ್ಟೆ ಹಾಕುವ ಮುನ್ನ ಎಂದು ನಿಶ್ಚಯಿಸಿದರೆ ದಿನವೂ ಆಗಲೇ ನಡೆಯಬೇಕು, ಏಕೆಂದರೆ ಊಟದ ನಂತರ ಎಂದರೆ ನಿದ್ದೆ ಗೆಲ್ಲುತ್ತದೆ. ಒಂದು ರಹಸ್ಯ ಅಭ್ಯಾಸವಾದ ಮನೆಯಲ್ಲಿ ಮರಿಯಮ್ಮನ ತಿಂಗಳಾದ ಮೇ, ಜಪಸರದ ತಿಂಗಳಾದ ಅಕ್ಟೋಬರ್ ಬಂದಾಗ ಐದಕ್ಕೆ ಏರಿಸುವುದು ಕಷ್ಟವಾಗುವುದಿಲ್ಲ.

ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದ ರಹಸ್ಯಗಳು, ಬುಧವಾರ ಮತ್ತು ಭಾನುವಾರ ಮಹಿಮೆಯ ರಹಸ್ಯಗಳು. ಗುರುವಾರಕ್ಕೆ ಪೋಪ್ ಎರಡನೇ ಜಾನ್ ಪೌಲರು 2002ರಲ್ಲಿ ಸೇರಿಸಿದ ಬೆಳಕಿನ ರಹಸ್ಯಗಳು. ಬಾಯಿ ಹೇಳುವಾಗ ಮನಸ್ಸು ನಿಲ್ಲುವುದಕ್ಕೆ ಏನಾದರೂ ಬೇಕಾದ್ದರಿಂದ, ರಹಸ್ಯದ ಹೆಸರು ಹೇಳಿದ ಮೇಲೆ ಅದರ ಚಿತ್ರವನ್ನು ಎರಡು ವಾಕ್ಯದಲ್ಲಿ ಕಟ್ಟಿಕೊಡಿರಿ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋಗಿ ಮನೆಯವರ ಮಾನ ಹೋಗುವಂತಾದಾಗ ಅದನ್ನು ಮೊದಲು ಗಮನಿಸಿದ್ದು ಮರಿಯಮ್ಮ ಎಂದರೆ, ಮದುವೆ ಮನೆಯ ಗಡಿಬಿಡಿಯನ್ನು ಕಂಡಿರುವ ನಮ್ಮ ಮಕ್ಕಳಿಗೆ ಅದು ತಟ್ಟನೆ ಅರ್ಥವಾಗುತ್ತದೆ. ಪ್ರತಿ ರಹಸ್ಯವನ್ನೂ ಹೆಸರಿರುವ ಒಬ್ಬರಿಗಾಗಿ ಒಪ್ಪಿಸಿರಿ: ಆಸ್ಪತ್ರೆಯಲ್ಲಿರುವ ಪಕ್ಕದ ಮನೆಯ ಅಜ್ಜ, ಕೆಲಸ ಕಳೆದುಕೊಂಡ ಮಾವ, ಶಾಲೆಯಲ್ಲಿ ತನ್ನೊಂದಿಗೆ ಜಗಳವಾಡಿದ ಗೆಳತಿ. ಯಾರಿಗಾಗಿ ಎಂದು ಮಗುವನ್ನೇ ಕೇಳಿದರೆ, ಅದರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂಬುದು ತಂದೆತಾಯಿಗಳಿಗೆ ಅಲ್ಲಿಯೇ ತಿಳಿಯುವುದೂ ಉಂಟು.

ನಾಲ್ಕು ವರ್ಷದ ಮಗು ನಮೋ ಮರಿಯಾದ ಅರ್ಧ ಹೇಳಿ ಮರೆತರೆ ಉಳಿದದ್ದನ್ನು ಎಲ್ಲರೂ ಕೂಡಿ ಮುಗಿಸಿದರಾಯಿತು. ತೂಕಡಿಸಿದರೆ ಮಡಿಲಲ್ಲಿ ಮಲಗಲಿ. ಪ್ರಾರ್ಥನೆಯ ನಡುವೆ ಗದರುವುದು, ಮೊಟಕುವುದು, ಪ್ರಾರ್ಥನೆ ಮುಗಿದೊಡನೆ ಅಂಕಪಟ್ಟಿಯ ವಿಚಾರ ತೆಗೆಯುವುದು, ದೇವರ ಹೆಸರು ಹೇಳಿ ಹೆದರಿಸುವುದು, ಇವು ಮಾತ್ರ ಕೂಡದು. ಮೊಬೈಲು ದೊಡ್ಡವರದ್ದೂ ಸೇರಿ ಇನ್ನೊಂದು ಕೋಣೆಯಲ್ಲಿರಲಿ. ರಾತ್ರಿ ಪಾಳಿಯಲ್ಲಿರುವ ಅಪ್ಪ ಅಥವಾ ಅಮ್ಮ ಮನೆಯವರು ಪ್ರಾರ್ಥಿಸುವ ಹೊತ್ತಿಗೆ ತಾವಿರುವಲ್ಲಿಯೇ ಒಂದು ನಮೋ ಮರಿಯಾ ಹೇಳುತ್ತಾರೆಂದು ಮಕ್ಕಳಿಗೆ ತಿಳಿದಿರಲಿ, ಮತ್ತು ಅದು ನಿಜವೂ ಆಗಿರಲಿ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಕರಾವಳಿಯ ಎಷ್ಟೋ ತಂದೆಯರಿಗೆ ವಿಡಿಯೊ ಕರೆಯೇ ಪ್ರಾರ್ಥನೆಯ ಕೋಣೆಯಾಗಿದೆ. ಅದನ್ನು ಕೀಳಾಗಿ ಕಾಣಬೇಕಿಲ್ಲ.

ಭಾಷೆಯ ವಿಷಯ ಇಲ್ಲಿಯೇ ಹೇಳಬೇಕು. ಇಂದು ಅನೇಕ ಮಕ್ಕಳು ಶಾಲೆಯಲ್ಲಿ ಪ್ರಾರ್ಥನೆಗಳನ್ನು ಇಂಗ್ಲಿಷಿನಲ್ಲಿ ಕಲಿಯುತ್ತಾರೆ, ಅಜ್ಜಿ ಕನ್ನಡದಲ್ಲಿಯೋ ಕೊಂಕಣಿಯಲ್ಲಿಯೋ ತಮಿಳಿನಲ್ಲಿಯೋ ಹೇಳುತ್ತಾರೆ, ಕೊನೆಗೆ ಮನೆಯವರೆಲ್ಲ ಸೇರಿ ಹೇಳುವುದಕ್ಕೆ ಒಂದೂ ಉಳಿಯುವುದಿಲ್ಲ. ಮಗು ಬಿದ್ದಾಗ ಅಮ್ಮಾ ಎಂದು ಯಾವ ಭಾಷೆಯಲ್ಲಿ ಅಳುತ್ತದೋ ಆ ಭಾಷೆಯಲ್ಲಿ ಅದಕ್ಕೆ ಪ್ರಾರ್ಥನೆ ಕಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ತಂದೆಯದೊಂದು ಮಾತು, ತಾಯಿಯದೊಂದು ಮಾತು ಆಗಿರುವ ಮನೆಗಳಲ್ಲಿ ಒಂದು ರಹಸ್ಯ ಒಂದರಲ್ಲಿ, ಮತ್ತೊಂದು ಇನ್ನೊಂದರಲ್ಲಿ ಹೇಳಬಹುದು. ಕಲಿಸುವ ಕೆಲಸವನ್ನು ಅಜ್ಜಿ ತಾತಂದಿರಿಗೆ ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು. ಅವರ ಹಳೆಯ ಕೀರ್ತನೆಗಳು, ಸಂತರಿಗೆ ಹೇಳುವ ಬಿನ್ನಹಗಳು ಯಾವ ಪುಸ್ತಕದಲ್ಲಿಯೂ ಇಲ್ಲದಿರಬಹುದು; ಅವರು ಹೋದ ಮೇಲೆ ಕೇಳಿ ಬರೆದುಕೊಳ್ಳಲು ಯಾರೂ ಇರುವುದಿಲ್ಲ.

ಭಾನುವಾರ ಶನಿವಾರ ಸಂಜೆಯೇ ಆರಂಭವಾಗಲಿ

ಭಾನುವಾರ ಬೆಳಿಗ್ಗೆ ಬಟ್ಟೆ ಸಿಗದೆ, ತಿಂಡಿ ಆಗದೆ, ಒಬ್ಬರ ಮೇಲೊಬ್ಬರು ರೇಗಿಕೊಂಡು, ಶುಭಸಂದೇಶದ (ಯೇಸುವಿನ ಬಾಳನ್ನು ಹೇಳುವ ಬೈಬಲ್ ಭಾಗದ) ವಾಚನ ಮುಗಿದ ಮೇಲೆ ಚರ್ಚಿನ ಹಿಂಬಾಗಿಲಲ್ಲಿ ನಿಲ್ಲುವ ಕುಟುಂಬಕ್ಕೆ ಬಲಿಪೂಜೆ (ಮಾಸ್) ಆನಂದವಾಗುವುದು ಕಷ್ಟ. ಶನಿವಾರ ಸಂಜೆಯೇ ಬಟ್ಟೆ ಇಸ್ತ್ರಿಯಾಗಿರಲಿ, ಕಾಣಿಕೆಯ ಹಣ ಎತ್ತಿಟ್ಟಿರಲಿ, ಮತ್ತು ಆ ಭಾನುವಾರದ ಶುಭಸಂದೇಶವನ್ನು ಮನೆಯಲ್ಲಿ ಒಮ್ಮೆ ಓದಿರಲಿ. ಭಾನುವಾರದ ವಾಚನಗಳು ಮೂರು ವರ್ಷಗಳ ಚಕ್ರದಲ್ಲಿ ಸುತ್ತುತ್ತವೆ. ಒಂದು ವರ್ಷ ಮುಖ್ಯವಾಗಿ ಮತ್ತಾಯ, ಮರುವರ್ಷ ಮಾರ್ಕ, ಮೂರನೆಯದು ಲೂಕ. ಮೊದಲೇ ಕೇಳಿದ ಕಥೆ ಚರ್ಚಿನ ಪೀಠದಿಂದ ಕೇಳಿಬಂದಾಗ ಚಿಕ್ಕ ಮಕ್ಕಳೂ ಕಿವಿ ನಿಮಿರಿಸುತ್ತಾರೆ.

ಪರಮಪ್ರಸಾದಕ್ಕೆ (ಕಮ್ಯೂನಿಯನ್‌ಗೆ) ಒಂದು ಗಂಟೆ ಮೊದಲಿನಿಂದ ಏನನ್ನೂ ತಿನ್ನಬಾರದೆಂಬ ನಿಯಮವನ್ನು, ಪ್ರಥಮ ಪರಮಪ್ರಸಾದ ಪಡೆದ ಮಗುವಿಗೆ ಕಾರಣಸಹಿತ ತಿಳಿಸಿರಿ; ನೀರಿಗೂ ಔಷಧಕ್ಕೂ ಅಡ್ಡಿಯಿಲ್ಲ. ಮಕ್ಕಳಿರುವವರು ಹಿಂದಿನ ಸಾಲಿಗೆ ಹೋಗುವ ಬದಲು ಮುಂದೆ ಕೂರುವುದು ಮೇಲು, ಏಕೆಂದರೆ ದೊಡ್ಡವರ ಬೆನ್ನನ್ನಷ್ಟೇ ನೋಡುವ ಮಗು ಚಡಪಡಿಸದೆ ಇನ್ನೇನು ಮಾಡೀತು? ಕಾಣಿಕೆಯನ್ನು ಮಗುವಿನ ಕೈಯಿಂದ ಹಾಕಿಸಿ, ಅದು ಎಲ್ಲಿಗೆ ಹೋಗುತ್ತದೆ ಎಂದು ಹೇಳಿರಿ. ಬೆಳೆದಂತೆ ಪೀಠಸೇವೆ, ವಾಚನ, ಗಾಯನವೃಂದ, ಯಾವುದಾದರೊಂದು ಕೆಲಸ ಅವರ ಪಾಲಿಗಿರಲಿ. ಮರಳುವ ದಾರಿಯಲ್ಲಿ ಪ್ರಸಂಗ ಉದ್ದವಾಯಿತೆಂದೂ ಗಾಯನ ಚೆನ್ನಾಗಿರಲಿಲ್ಲವೆಂದೂ ಗುರುಗಳನ್ನೂ ಗಾಯಕರನ್ನೂ ಆಡಿಕೊಳ್ಳುವ ಚಾಳಿ ನಮ್ಮಲ್ಲಿ ಬಹಳವಿದೆ. ಆಟೋದ ಹಿಂದಿನ ಸೀಟಿನಲ್ಲಿ ಕುಳಿತ ಮಗು ಅಂದಿನ ಪ್ರಸಂಗಕ್ಕಿಂತ ಈ ಮಾತನ್ನೇ ಹೆಚ್ಚು ನೆನಪಿಟ್ಟುಕೊಳ್ಳುತ್ತದೆ.

ಪಾಪನಿವೇದನೆಗೆ ಮಕ್ಕಳನ್ನು ಕಳುಹಿಸುವ ಮುನ್ನ ತಂದೆತಾಯಿಗಳು ಸಾಲಿನಲ್ಲಿ ನಿಲ್ಲಬೇಕು. ವರ್ಷಕ್ಕೊಮ್ಮೆಯಾದರೂ ಎಂಬುದು ಧರ್ಮಸಭೆಯ ಕನಿಷ್ಠ ನಿಯಮ; ಆದರೆ ಎರಡು ಮೂರು ತಿಂಗಳಿಗೊಮ್ಮೆ ಮನೆಯವರೆಲ್ಲ ಕೂಡಿ ಹೋಗಿ, ಬಂದ ಮೇಲೆ ಒಟ್ಟಿಗೆ ಕಾಫಿ ತಿಂಡಿ ಮಾಡಿದರೆ ಆ ಸಂಸ್ಕಾರದ ಬಗೆಗಿನ ಹೆದರಿಕೆ ತಾನಾಗಿ ಕರಗುತ್ತದೆ. ಒಳಗೆ ಏನು ಹೇಳಿದೆ ಎಂದು ಮಗುವನ್ನು ಎಂದಿಗೂ ಕೇಳಕೂಡದು.

ವರ್ಷದ ಹಬ್ಬಗಳು ಅಡುಗೆಮನೆಗೆ ಬರಬೇಕು

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕು ವಾರಗಳಿಗೆ ನಾಲ್ಕು ಬತ್ತಿ, ಮೂರು ನೇರಳೆ, ಒಂದು ಗುಲಾಬಿ. ವಾರಕ್ಕೊಂದನ್ನು ಹೆಚ್ಚಾಗಿ ಹೊತ್ತಿಸುತ್ತಾ ಹೋದರೆ ಕಾಯುವುದೆಂದರೇನು ಎಂಬುದು ಮಾತಿಲ್ಲದೆ ತಿಳಿಯುತ್ತದೆ. ಡಿಸೆಂಬರ್ ಮೊದಲ ವಾರಗಳಲ್ಲಿ ತಟ್ಟೆಯಲ್ಲಿಯೋ ಚಿಪ್ಪಿನಲ್ಲಿಯೋ ಮಣ್ಣು ಹಾಕಿ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ಕ್ರಿಸ್ಮಸ್ಸಿಗೆ ಗೋದಲಿಯ (ಯೇಸುವಿನ ಜನನದ ದೃಶ್ಯದ) ಹೊಲಕ್ಕೆ ಹಸಿರು ಪೈರು ಸಿದ್ಧ. ಇದು ನಮ್ಮ ಹಳೆ ಮೈಸೂರು ಸೀಮೆಯ ಸೊಗಸಾದ ರೂಢಿ, ಪ್ಲಾಸ್ಟಿಕ್ ಹುಲ್ಲಿಗಾಗಿ ಅದನ್ನು ಬಿಡಬೇಡಿರಿ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಗೋದಲಿ ಕಟ್ಟಿದ್ದು ಬಡತನದಲ್ಲಿ ಹುಟ್ಟಿದ ದೇವರನ್ನು ಜನ ಕಣ್ಣಾರೆ ಕಾಣಲೆಂದು. ನಮ್ಮ ಗೋದಲಿಯೂ ಅಷ್ಟೇ ಸರಳವಾಗಿದ್ದರೆ ಚೆಂದ. ಬಾಲಯೇಸುವಿನ ಸ್ವರೂಪವನ್ನು ಮೊದಲೇ ಇಡದೆ, 24ರ ರಾತ್ರಿ ಮನೆಯ ಕಿರಿಯ ಮಗುವಿನ ಕೈಯಿಂದ ಇರಿಸಿರಿ. ಕರಾವಳಿಯ ಕ್ರಿಸ್ಮಸ್ ತಿಂಡಿಗಳಾದ ಕುಸ್ವಾರ್ ಆಗಲಿ, ನಮ್ಮ ಕಡೆಯ ಕಜ್ಜಾಯ, ಚಕ್ಕುಲಿ, ಕಲಕಲ ಆಗಲಿ, ಮೊದಲ ತಟ್ಟೆ ನೆರೆಯ ಮನೆಗೆ ಹೋಗಲಿ, ಅದನ್ನು ಕೊಂಡೊಯ್ಯುವವರು ಮಕ್ಕಳಾಗಿರಲಿ.

ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಉಪವಾಸವೆಂದರೆ ಕೋಳಿ ಮೀನು ಬಿಡುವುದು ಎಂಬಲ್ಲಿಗೆ ನಿಲ್ಲುವ ಅಪಾಯವಿದೆ. ನಿಯಮವನ್ನು ಹೇಳುವುದಾದರೆ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳ ಉಪವಾಸ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ, ಮಾಂಸ ವರ್ಜನೆ 14 ತುಂಬಿದವರಿಗೆ. ಚಿಕ್ಕ ಮಕ್ಕಳನ್ನು ಹಸಿವಿನಲ್ಲಿ ಇಡುವುದು ಬೇಡ. ಅವರಿಗೆ ಬೇರೆ ಬಗೆಯ ತ್ಯಾಗವಿದೆ: ಐಸ್‌ಕ್ರೀಮಿನ ಹಣ, ದೊಡ್ಡವರ ಹೋಟೆಲ್ ಊಟದ ಹಣ, ಒಂದು ಡಬ್ಬಿಗೆ ಬೀಳಲಿ, ಆ ಡಬ್ಬಿಯನ್ನು ಪಾಸ್ಖಕ್ಕೆ ಮುಂಚೆ ಮಕ್ಕಳ ಎದುರಿಗೇ ತೆರೆದು, ಧರ್ಮಕೇಂದ್ರದ (ಪ್ಯಾರಿಷ್‌ನ) ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪೌಲ್ ಸಭೆಗೆ ಕೊಡಬಹುದು ಅಥವಾ ಗುರುತಿರುವ ಬಡ ಕುಟುಂಬದ ದಿನಸಿಗೆ ಬಳಸಬಹುದು. ತ್ಯಾಗ ಮಾಡಿದ್ದು ಯಾರದೋ ತಟ್ಟೆಗೆ ಅನ್ನವಾಗದಿದ್ದರೆ ಅದು ಕೇವಲ ಪಥ್ಯ. ಶುಕ್ರವಾರಗಳಲ್ಲಿ ಶಿಲುಬೆಯ ಹಾದಿಯ 14 ಸ್ಥಳಗಳನ್ನು ಮನೆಯಲ್ಲಿಯೇ ಮಾಡುವಾಗ ಒಂದೊಂದು ಸ್ಥಳವನ್ನು ಒಬ್ಬೊಬ್ಬರು ತಮ್ಮ ಮಾತಿನಲ್ಲಿ ಹೇಳಲಿ. ಕನಕಪುರದ ಬಳಿಯ ಹಾರೋಬೆಲೆಯಲ್ಲಿ ತಪಸ್ಸುಕಾಲದಲ್ಲಿ ಊರಿನವರೇ ಪಾತ್ರ ವಹಿಸಿ ಆಡುವ ಯೇಸುವಿನ ಪಾಡುಗಳ ನಾಟಕವನ್ನು ಅವಕಾಶವಾದರೆ ಮಕ್ಕಳಿಗೆ ತೋರಿಸಿರಿ. ರಾತ್ರಿಯಿಡೀ ಎಚ್ಚರವಿದ್ದು ನೋಡಿದ್ದನ್ನು ಅವರು ಮರೆಯುವುದಿಲ್ಲ. ಪವಿತ್ರ ಗುರುವಾರ ಚರ್ಚಿನಿಂದ ಬಂದ ಮೇಲೆ ಅಪ್ಪ ಒಂದು ಬೇಸಿನ್‌ನಲ್ಲಿ ನೀರು ತಂದು ಅಮ್ಮನ ಮತ್ತು ಮಕ್ಕಳ ಪಾದ ತೊಳೆಯಲಿ. ಇದಕ್ಕೆ ಯಾವ ವಿವರಣೆಯೂ ಬೇಕಾಗುವುದಿಲ್ಲ.

ಸೆಪ್ಟೆಂಬರ್ 8, ಮರಿಯಮ್ಮನ ಜನನದ ಹಬ್ಬ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದಲ್ಲಿ ಆಗಸ್ಟ್ 29ರಂದು ಬಾವುಟ ಏರಿ, ಹಬ್ಬದ ಸಂಜೆ ಸೀರೆಯುಟ್ಟ ಆರೋಗ್ಯಮಾತೆಯ ತೇರು ಬೀದಿಗೆ ಬರುವಾಗ ಎಲ್ಲ ಧರ್ಮದವರೂ ಅಲ್ಲಿರುತ್ತಾರೆ. ಕರಾವಳಿಯಲ್ಲಿ ಅದೇ ದಿನ ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಗೆ ಅರ್ಪಿಸುತ್ತಾರೆ, ಹಬ್ಬದಂದು ಮಂತ್ರಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಅಕ್ಕಿಯನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ, ಹಿರಿಯರ ಕೈಯಿಂದ ಎಲ್ಲರಿಗೂ ಹಂಚಿ, ತರಕಾರಿಯ ಊಟವನ್ನು ಒಟ್ಟಿಗೆ ಉಣ್ಣುತ್ತಾರೆ. ದೂರದಲ್ಲಿರುವ ಮಕ್ಕಳಿಗೂ ಆ ಹೊಸ ಅಕ್ಕಿಯ ಪಾಲನ್ನು ಕಳುಹಿಸಿಕೊಡುವವರಿದ್ದಾರೆ. ವಿಶ್ವಾಸ, ಬೆಳೆ, ಮನೆತನ ಮೂರನ್ನೂ ಒಂದೇ ತುತ್ತಿನಲ್ಲಿ ಸೇರಿಸುವ ಇಂತಹ ಹಬ್ಬ ನಮ್ಮಲ್ಲಿ ಇರುವುದೇ ಭಾಗ್ಯ. ಗದ್ದೆಯಿಲ್ಲದ ನಗರದ ಮನೆಗಳಲ್ಲಿಯೂ ಅಂದು ಒಟ್ಟಿಗೆ ಕುಳಿತು ಉಣ್ಣುವುದನ್ನು ತಪ್ಪಿಸಬಾರದು.

ಸತ್ತವರ ಸ್ಮರಣೆಯ ದಿನವಾದ ನವೆಂಬರ್ 2ರಂದು ಮಕ್ಕಳನ್ನು ಸ್ಮಶಾನಕ್ಕೆ ಕರೆದೊಯ್ಯಲು ಅಂಜಬೇಡಿರಿ. ತಾತನ ಸಮಾಧಿಯ ಹುಲ್ಲು ಕಿತ್ತು, ಹೂವಿಟ್ಟು, ಬತ್ತಿ ಹಚ್ಚಿ ಪ್ರಾರ್ಥಿಸುವ ಮಗು, ಸತ್ತವರು ನಮ್ಮಿಂದ ಕಡಿದುಹೋದವರಲ್ಲ ಎಂಬ ಧರ್ಮಸಭೆಯ ಬೋಧನೆಯನ್ನು ಕೈಯಾರೆ ಕಲಿಯುತ್ತದೆ.

ಬೈಬಲ್ ಮತ್ತು ಸಂತರು

ದಿನವೂ ಮನೆಯಲ್ಲಿ ಬೈಬಲ್ ಓದುವ ಆಸೆಯಿಂದ ಆದಿಕಾಂಡದ ಮೊದಲ ಪುಟದಿಂದ ಹೊರಟವರು ಸಾಮಾನ್ಯವಾಗಿ ಯಾಜಕಕಾಂಡದಲ್ಲಿ ನಿಂತುಬಿಡುತ್ತಾರೆ. ಮಾರ್ಕನ ಶುಭಸಂದೇಶದಿಂದ ಆರಂಭಿಸುವುದು ಜಾಣತನ. ನಾಲ್ಕು ಶುಭಸಂದೇಶಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ, ಯೇಸು ಅಲ್ಲಿ ಒಂದು ಊರಿನಿಂದ ಮತ್ತೊಂದಕ್ಕೆ ನಡೆಯುತ್ತಲೇ ಇರುತ್ತಾರೆ. ರಾತ್ರಿಗೊಂದು ಘಟನೆ, ಹತ್ತು ಹದಿನೈದು ಸಾಲು, ಅಷ್ಟು ಸಾಕು. ಹಳೆಯ ಒಡಂಬಡಿಕೆಯಲ್ಲಿ ತೋಬಿತನ ಗ್ರಂಥವನ್ನು ಮಕ್ಕಳಿಗೆ ಹೇಳಿರಿ: ಕುರುಡನಾದ ತಂದೆ, ದೂರದ ಪ್ರಯಾಣ ಹೊರಟ ಮಗ, ಮನುಷ್ಯನ ವೇಷದಲ್ಲಿ ಜೊತೆಗೆ ಬಂದ ರಫಾಯೇಲ ದೇವದೂತ, ಹಿಂದೆ ಬರುವ ನಾಯಿ, ಎಲ್ಲವೂ ಅದರಲ್ಲಿವೆ.

ಸಂತರ ವಿಷಯದಲ್ಲಿ ನಮ್ಮ ನೆಲಕ್ಕೆ ಹತ್ತಿರದವರನ್ನು ಮೊದಲು ಪರಿಚಯಿಸಬೇಕು. ಗೋವೆಯಲ್ಲಿ 1651ರಲ್ಲಿ ಹುಟ್ಟಿ, ಶ್ರೀಲಂಕೆಗೆ ಹೋಗುವ ಮುನ್ನ ಕೆನರಾದಲ್ಲಿ, ಅಂದರೆ ನಮ್ಮ ಕರಾವಳಿಯಲ್ಲಿ, ಸೇವೆ ಮಾಡಿದ ಸಂತ ಜೋಸೆಫ್ ವಾಜರ ಪುಣ್ಯಕ್ಷೇತ್ರ ಮಂಗಳೂರಿನ ಬಳಿಯ ಮುಡಿಪುವಿನಲ್ಲಿದೆ. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ತಿರುವಾಂಕೂರಿನ ದೇವಸಹಾಯಂ ಗುರುವಲ್ಲ, ಸನ್ಯಾಸಿಯಲ್ಲ, ಸಂಸಾರಿ. ತನ್ನ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ಅವರು 2022ರ ಮೇ 15ರಂದು ಸಂತರಾದರು. ಲಿಸ್ಯೂವಿನ ಸಂತೆ ಪುಟ್ಟ ತೆರೇಸಮ್ಮನ ತಂದೆತಾಯಿಗಳಾದ ಲೂಯಿ ಮತ್ತು ಝೆಲಿ ಮಾರ್ಟಿನ್ 2015ರ ಅಕ್ಟೋಬರ್ 18ರಂದು ದಂಪತಿಯಾಗಿಯೇ ಸಂತಪದವಿ ಪಡೆದವರು. ಅವರು ಗಡಿಯಾರದಂಗಡಿ ಮತ್ತು ಲೇಸ್ ಹೆಣೆಯುವ ವ್ಯಾಪಾರ ನಡೆಸಿಕೊಂಡು, ನಾಲ್ಕು ಮಕ್ಕಳನ್ನು ಎಳೆತನದಲ್ಲಿಯೇ ಕಳೆದುಕೊಂಡು ಬಾಳಿದವರು ಎಂಬುದನ್ನು ಮಕ್ಕಳಿಗಿಂತ ಮೊದಲು ನಾವೇ ತಿಳಿಯಬೇಕು. ಮಗುವಿಗೆ ಯಾವ ಸಂತರ ಹೆಸರಿಟ್ಟಿದ್ದೀರೋ ಅವರ ಹಬ್ಬದ ದಿನ ಮನೆಯಲ್ಲಿ ಒಂದು ಸಿಹಿ ಮಾಡುವುದು, ದೀಕ್ಷಾಸ್ನಾನವಾದ ದಿನ ಪ್ರತಿ ವರ್ಷ ಬಂದಾಗ ಆ ಹಳೆಯ ಬತ್ತಿಯನ್ನು ಮತ್ತೆ ಹೊತ್ತಿಸುವುದು ಇವು ಖರ್ಚಿಲ್ಲದ ಒಳ್ಳೆಯ ರೂಢಿಗಳು.

ನಡತೆಯಲ್ಲಿ ಕಾಣದ ಪ್ರಾರ್ಥನೆ

ಪೀಠದ ಮುಂದೆ ಕೈಮುಗಿದವರೇ ಮನೆಗೆಲಸಕ್ಕೆ ಬರುವ ಹೆಂಗಸಿಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟರೆ, ಸಂಬಂಧ ನೋಡುವಾಗ ಜಾತಿ ಕೇಳಿದರೆ, ಹಬ್ಬದ ದಿನ ಕುಡಿದು ಮನೆಯವರ ಕಣ್ಣೀರಿಗೆ ಕಾರಣರಾದರೆ, ಮಕ್ಕಳು ಪ್ರಾರ್ಥನೆಯನ್ನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ದಲಿತ ಕ್ರೈಸ್ತರು ನಮ್ಮ ನಡುವೆಯೇ ಅವಮಾನ ಅನುಭವಿಸಿದ್ದಾರೆ. ಒಂದೇ ಪರಮಪ್ರಸಾದವನ್ನು ಸ್ವೀಕರಿಸುವವರಲ್ಲಿ ಮೇಲು ಕೀಳಿಲ್ಲ ಎಂಬುದನ್ನು ಮನೆಯ ಊಟದ ಪಂಕ್ತಿಯಲ್ಲಿಯೇ ತೋರಿಸಬೇಕು.

ದಯವಿಟ್ಟು, ಧನ್ಯವಾದ, ಕ್ಷಮಿಸು ಎಂಬ ಮೂರು ಮಾತುಗಳು ಕುಟುಂಬದಲ್ಲಿ ಬೇಕೆಂದು ಪೋಪ್ ಫ್ರಾನ್ಸಿಸರು ಮತ್ತೆ ಮತ್ತೆ ಹೇಳುತ್ತಿದ್ದರು, ರಾಜಿಯಾಗದೆ ದಿನ ಮುಗಿಯಬಾರದೆಂದೂ. ಗಂಡ ಹೆಂಡತಿ ಮಕ್ಕಳೆದುರು ಜಗಳವಾಡಿದ್ದರೆ ರಾಜಿಯೂ ಮಕ್ಕಳೆದುರೇ ಆಗಲಿ. ಮಗುವಿಗೆ ಅನ್ಯಾಯವಾಗಿ ಹೊಡೆದ ತಂದೆ ಅದರ ಬಳಿ ಕ್ಷಮೆ ಕೇಳಿದರೆ ಗೌರವ ಕುಂದುವುದಿಲ್ಲ. ಪಾಪನಿವೇದನೆ ಎಂದರೇನು ಎಂಬುದಕ್ಕೆ ಆ ಮಗುವಿಗೆ ಸಿಗುವ ಮೊದಲ ಪಾಠವೇ ಅದು. ತಿಂಗಳಿಗೊಮ್ಮೆ ಧರ್ಮಕೇಂದ್ರದ ಒಬ್ಬ ಒಂಟಿ ವೃದ್ಧರ ಮನೆಗೆ ಸಾರು ಅನ್ನ ಹಿಡಿದುಕೊಂಡು ಮಕ್ಕಳೊಂದಿಗೆ ಹೋಗಿ, ಅರ್ಧ ಗಂಟೆ ಅವರ ಮಾತು ಕೇಳಿ ಬನ್ನಿರಿ.

ಬೆಳೆದ ಮಕ್ಕಳು, ಬೇರೆ ಧರ್ಮದ ಸಂಗಾತಿ

ಹದಿನಾರರ ಮಗ ನನಗೆ ಇದರಲ್ಲಿ ನಂಬಿಕೆಯಿಲ್ಲ ಎಂದಾಗ ತಾಯಿ ಅಳುವುದೂ ತಂದೆ ಕೂಗಾಡುವುದೂ ಸಹಜ, ಆದರೆ ಎರಡರಿಂದಲೂ ಪ್ರಯೋಜನವಿಲ್ಲ. ಅವನು ಏನನ್ನು ನಂಬಲಾಗುತ್ತಿಲ್ಲ ಎಂದು ಕೇಳಿ, ಪೂರ್ತಿ ಹೇಳಲು ಬಿಡಿರಿ. ಉತ್ತರ ತಿಳಿಯದಿದ್ದರೆ ತಿಳಿಯದು ಎಂದು ಹೇಳಿ, ಗುರುಗಳ ಬಳಿಗೋ ಓದಿಕೊಂಡವರ ಬಳಿಗೋ ಒಟ್ಟಿಗೆ ಹೋಗಿರಿ. ಮನೆಯ ಪ್ರಾರ್ಥನೆ ಅವನಿದ್ದರೂ ಇಲ್ಲದಿದ್ದರೂ ಅದೇ ಹೊತ್ತಿಗೆ ನಡೆಯಲಿ, ಅವನ ತಟ್ಟೆಗೆ ಬಡಿಸುವ ಪ್ರೀತಿ ಅದರ ಮೇಲೆ ನಿಲ್ಲದಿರಲಿ. ಸಂತ ಮೋನಿಕಮ್ಮ ಮಗನಿಗಾಗಿ ವರ್ಷಗಟ್ಟಲೆ ಕಣ್ಣೀರಿಟ್ಟು ಪ್ರಾರ್ಥಿಸಿದಳು. ಆ ಮಗ ಅಗಸ್ಟೀನ 387ರ ಪಾಸ್ಖದಲ್ಲಿ ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದಾಗ ಅವನಿಗೆ ಮೂವತ್ತು ದಾಟಿತ್ತು.

ಸಂಗಾತಿ ಬೇರೆ ಧರ್ಮದವರಾಗಿದ್ದರೆ, ಮಕ್ಕಳ ದೀಕ್ಷಾಸ್ನಾನಕ್ಕೂ ಕಥೋಲಿಕ ಪೋಷಣೆಗೂ ತನ್ನಿಂದಾದುದನ್ನೆಲ್ಲ ಮಾಡುವೆನೆಂದು ಕಥೋಲಿಕ ಸಂಗಾತಿ ಮದುವೆಗೆ ಮುನ್ನ ಮಾತು ಕೊಟ್ಟಿರುತ್ತಾರೆ, ಆ ಮಾತಿನ ವಿಷಯ ಇನ್ನೊಬ್ಬರಿಗೂ ತಿಳಿಸಲಾಗಿರುತ್ತದೆ. ಅದನ್ನು ನಡೆಸುವ ಭಾರ ಕಥೋಲಿಕರ ಮೇಲಿದೆಯೇ ಹೊರತು, ಅದಕ್ಕಾಗಿ ಇನ್ನೊಬ್ಬರ ದೇವರನ್ನಾಗಲಿ ಅವರ ತಂದೆತಾಯಿಗಳ ಪೂಜೆಯನ್ನಾಗಲಿ ಮಕ್ಕಳೆದುರು ಹಳಿಯಲು ಪರವಾನಗಿಯಲ್ಲ. ಮಗುವಿನೊಂದಿಗೆ ಪ್ರಾರ್ಥಿಸುವುದು, ಬಲಿಪೂಜೆಗೆ ಕರೆದೊಯ್ಯುವುದು ನಿಮ್ಮ ಕೆಲಸ. ಆ ಹೊತ್ತಿನಲ್ಲಿ ಸಂಗಾತಿ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಲು ಬಯಸಿದರೆ ಜಾಗ ಬಿಡಿರಿ, ಬಯಸದಿದ್ದರೆ ಒತ್ತಾಯಿಸಬೇಡಿರಿ. ಊಟಕ್ಕೆ ಮುನ್ನ ದೇವರಿಗೆ ಕೃತಜ್ಞತೆ ಹೇಳುವುದರಲ್ಲಿ ಹೆಚ್ಚಿನವರು ಸಂತೋಷದಿಂದಲೇ ಸೇರಿಕೊಳ್ಳುತ್ತಾರೆ, ಆದ್ದರಿಂದ ಅಂತಹ ಮನೆಗಳಲ್ಲಿ ಅಲ್ಲಿಂದಲೇ ಆರಂಭಿಸಬಹುದು.